ಖಳರಾದ ಬಡಗಣ ದೇವತೆಗಳು

ಯುರೋಪಿನ ಬಡಗಣ ತುದಿಯ ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಐಸ್‌ಲ್ಯಾಂಡ್ ದೇಶಗಳ ಪೂರ್ವಿಕರು ಪೂಜಿಸುತ್ತಿದ್ದ ದೇವತೆಗಳ ಹೆಸರುಗಳು ಈಗ ನಮ್ಮ ಶಾಲೆಯ ಹುಡುಗರ ಬಾಯಲ್ಲಿ ಸಲೀಸಾಗಿ ಹೊರಳುತ್ತವೆ. ಇದು ಚರಿತ್ರೆಯ ಪಾಠದಿಂದ ಬಂದ ಜ್ಞಾನವಲ್ಲ, ವೀಡಿಯೋ ಆಟಗಳಿಂದ ಬಂದದ್ದು. ಆಡುವ ಯಂತ್ರ ಮನೆಯಲ್ಲಿರುವವರು ಬೆರಳೆಣಿಕೆಯ ಮಂದಿ. ಉಳಿದವರು ಬೇರೆ ಯಾರೋ ಆಡಿ ಯೂಟ್ಯೂಬಿಗೆ ಹಾಕಿದ್ದನ್ನು ಫೋನಿನಲ್ಲಿ ಗಂಟೆಗಟ್ಟಲೆ ನೋಡುತ್ತಾರೆ. ಓಡಿನ್ ಯಾರು ಎಂದು ಕೇಳಿದರೆ "ದೊಡ್ಡ ಕಪಟಿ ಸರ್, ಕೊನೆಗೆ ಸಾಯ್ತಾನೆ" ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಥೋರ್? "ಕುಡುಕ." ಬಾಲ್ಡರ್? "ಹುಚ್ಚ." ಒಂದು ಜನಾಂಗ ಶತಮಾನಗಳ ಕಾಲ ಮಳೆಗೆ, ಬೆಳೆಗೆ, ಮದುವೆಗೆ, ಮರಣಕ್ಕೆ ನೆನೆದ ದೇವರುಗಳು ಹೀಗೆ ಮೂರು ಮಾತಿನಲ್ಲಿ ಮುಗಿದುಹೋಗುತ್ತಾರೆ.

ದೇವತೆಗಳನ್ನು ಖಳರನ್ನಾಗಿ ಮಾಡಿದ್ದು ತಪ್ಪೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ತಪ್ಪು ಎಂದು ಒಂದೇ ಏಟಿಗೆ ಹೇಳುವವರೊಡನೆಯೂ, ಆಟವಲ್ಲವೇ ಬಿಡಿ ಎನ್ನುವವರೊಡನೆಯೂ ನನಗೆ ಸಹಮತವಿಲ್ಲ. ಒಬ್ಬೊಬ್ಬ ದೇವತೆಯನ್ನೂ ಬೇರೆ ಬೇರೆಯಾಗಿ ತೂಗಿ ನೋಡಬೇಕು. ನನ್ನ ಮಟ್ಟಿಗೆ ಬಾಲ್ಡರನ ವಿಷಯದಲ್ಲಿ ಆಟ ಮಾಡಿದವರು ಸರಿ, ಓಡಿನನ ವಿಷಯದಲ್ಲಿ ಅರ್ಧ ಸರಿ, ಥೋರನ ವಿಷಯದಲ್ಲಿ ಅವರು ದೊಡ್ಡದೊಂದನ್ನು ಕಳೆದಿದ್ದಾರೆ. ಕಾರಣಗಳನ್ನು ಹೇಳುತ್ತೇನೆ, ಒಪ್ಪದ ವಿದ್ಯಾರ್ಥಿಗಳು ವಾದಿಸಬಹುದು.

ಮೊದಲು ಆಟದ ಕಥೆ. ಮಕ್ಕಳಿಗೆ ಇದು ಗೊತ್ತಿದೆ, ಹೆತ್ತವರಿಗಾಗಿ ಹೇಳುತ್ತಿದ್ದೇನೆ. ಈ ಬಗೆಯ ಆಟಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು "ಗಾಡ್ ಆಫ್ ವಾರ್". ಸೋನಿ ಸಂಸ್ಥೆಗಾಗಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸಾಂಟಾ ಮೋನಿಕಾ ಸ್ಟುಡಿಯೋ ಇದನ್ನು ತಯಾರಿಸುತ್ತದೆ. 2005ರಲ್ಲಿ ಬಂದ ಮೊದಲ ಆಟದ ನಾಯಕ ಕ್ರೇಟೋಸ್ ಎಂಬ ಗ್ರೀಕ್ ಯೋಧ. ದೇವತೆಗಳಿಂದ ವಂಚಿತನಾದ ಆತ 2010ರ ಮೂರನೆಯ ಆಟ ಮುಗಿಯುವ ಹೊತ್ತಿಗೆ ಗ್ರೀಕರ ದೇವರಾಜ ಸ್ಯೂಸನನ್ನೂ ಕೊಂದಿರುತ್ತಾನೆ. ಅಲ್ಲಿಗೆ ಗ್ರೀಕ್ ದೇವತೆಗಳು ಮುಗಿದರು, ಆಟದ ಹೆಸರಿಗಿದ್ದ ಬೆಲೆ ಮಾತ್ರ ಮುಗಿಯಲಿಲ್ಲ. 2018ರ ಆಟದಲ್ಲಿ ಕ್ರೇಟೋಸ್ ಬಡಗಣ ದೇಶಕ್ಕೆ ಬಂದು ನೆಲಸಿದ್ದಾನೆ. ಹೆಂಡತಿ ತೀರಿಕೊಂಡಿದ್ದಾಳೆ. ಅವಳ ಚಿತಾಭಸ್ಮವನ್ನು ಅತ್ಯುನ್ನತ ಶಿಖರದಿಂದ ಚೆಲ್ಲಲು ತಂದೆಯೂ ಮಗನೂ ಹೊರಡುತ್ತಾರೆ. ದಾರಿಯುದ್ದಕ್ಕೂ ಓಡಿನನ ಮಗ ಬಾಲ್ಡರ್ ಅಟ್ಟಿಸಿಕೊಂಡು ಬರುತ್ತಾನೆ. 2022ರ ನವೆಂಬರಿನಲ್ಲಿ ಬಂದ ಮುಂದಿನ ಭಾಗ "ರಾಗ್ನರಾಕ್"ನಲ್ಲಿ ಸಾಕ್ಷಾತ್ ಓಡಿನನೇ ಎದುರಾಳಿ. ಮೊದಲ ವಾರದಲ್ಲೇ ಇದರ 51 ಲಕ್ಷ ಪ್ರತಿಗಳು ಮಾರಾಟವಾದವು. ಓಡಿನನ ಬಗ್ಗೆ ಬರೆದ ಯಾವ ಪುಸ್ತಕಕ್ಕೂ ಒಂದು ವಾರದಲ್ಲಿ ಇಷ್ಟು ಓದುಗರು ಸಿಕ್ಕಿರಲಾರರು.

ಈ ಓಡಿನ್ ಗುಡುಗುವ ರಾಕ್ಷಸನಲ್ಲ. ಮೆತ್ತಗೆ ಮಾತಾಡುವ, ನಗುನಗುತ್ತಾ ಒಪ್ಪಂದ ಕುದುರಿಸುವ, ಮನೆಯವರನ್ನೆಲ್ಲ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವ ಮುದುಕ. ಬೇರೊಬ್ಬ ದೇವತೆಯ ರೂಪ ತಾಳಿ ನಾಯಕ ತಂಗಿದ್ದ ಮನೆಯಲ್ಲೇ ದಿನಗಟ್ಟಲೆ ಉಂಡು ಮಲಗುತ್ತಾನೆ, ಗುಟ್ಟು ಬಯಲಾದಾಗ ಆ ಮನೆಯವನನ್ನೇ ಇರಿದು ಹೋಗುತ್ತಾನೆ. ಕೊನೆಗೆ ತನ್ನ ಮಾತು ಕೇಳದ ಸ್ವಂತ ಮಗ ಥೋರನನ್ನೂ ಕೊಲ್ಲುತ್ತಾನೆ. ಥೋರ್ ಇಲ್ಲಿ ಹೊಟ್ಟೆ ಬೆಳೆಸಿದ ಕುಡುಕ, ತಂದೆಯ ಅಪ್ಪಣೆಯಂತೆ ದೈತ್ಯಕುಲವನ್ನೇ ಸವರಿಹಾಕಿದ ಕಟುಕ. ದೇವತೆಗಳ ಕಾವಲುಗಾರ ಹೈಮ್ಡಾಲ್ ಇತರರ ಮನಸ್ಸನ್ನು ಓದಿ ಹಂಗಿಸುವ ಅಹಂಕಾರಿ.

ಇನ್ನು ಮೂಲದಲ್ಲಿ ಏನಿದೆ ನೋಡೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ನಡೆಯಬೇಕಾಗುತ್ತದೆ, ಏಕೆಂದರೆ "ಆಟದವರು ದೇವರನ್ನು ಕೆಡಿಸಿದರು" ಎನ್ನುವವರಲ್ಲಿ ಹೆಚ್ಚಿನವರು ಮೂಲವನ್ನು ಓದಿದವರಲ್ಲ.

ಬಡಗಣ ಪುರಾಣಗಳು ನಮಗೆ ದೊರೆತಿರುವುದು ಮುಖ್ಯವಾಗಿ ಐಸ್‌ಲ್ಯಾಂಡಿನ ಎರಡು ಗ್ರಂಥಗಳಿಂದ. ಒಂದು, ಹಳೆಯ ಹಾಡುಗಳ ಸಂಕಲನ. ಇದರ ಮುಖ್ಯ ಹಸ್ತಪ್ರತಿ 13ನೇ ಶತಮಾನದ ಉತ್ತರಾರ್ಧದ್ದು. ಇನ್ನೊಂದು, ಸ್ನೋರಿ ಸ್ಟುರ್ಲುಸನ್ ಎಂಬ ವಿದ್ವಾಂಸ 1220ರ ಸುಮಾರಿಗೆ ಬರೆದ ಗದ್ಯ. ಎರಡಕ್ಕೂ ಎಡ್ಡಾ ಎಂದೇ ಹೆಸರು. ಐಸ್‌ಲ್ಯಾಂಡಿನವರು ಕ್ರೈಸ್ತರಾದದ್ದು 1000ದ ಸುಮಾರಿಗೆ. ಎಂದರೆ ಸ್ನೋರಿ ಲೇಖನಿ ಹಿಡಿಯುವ ವೇಳೆಗೆ ಆ ನಾಡಿನಲ್ಲಿ ಓಡಿನನ ಪೂಜೆ ನಿಂತು ಇನ್ನೂರು ವರ್ಷಗಳಾಗಿದ್ದವು. ಸ್ನೋರಿ ಸ್ವತಃ ಕ್ರೈಸ್ತ. ಈ ದೇವತೆಗಳು ನಿಜಕ್ಕೂ ಏಷ್ಯಾದಿಂದ ವಲಸೆ ಬಂದ ಮನುಷ್ಯ ರಾಜರು, ಜನರು ಮರುಳಾಗಿ ದೇವರೆಂದರು ಎಂದು ಅವನ ಗ್ರಂಥದ ಪೀಠಿಕೆ ಹೇಳುತ್ತದೆ. ಪೂಜಿಸುತ್ತಿದ್ದವರ ಬಾಯಿಂದಲೇ ಬಂದ ಪೂರ್ಣ ಕಥೆ ನಮ್ಮ ಕೈಗೆ ಸಿಕ್ಕಿಯೇ ಇಲ್ಲ.

ಅವರನ್ನು ಖಳರೆನ್ನುವುದೂ ಹೊಸತಲ್ಲ. 8ನೇ ಶತಮಾನದಲ್ಲಿ ಜರ್ಮನಿಯ ಸ್ಯಾಕ್ಸನ್ ಜನರಿಗೆ ದೀಕ್ಷಾಸ್ನಾನ ಕೊಡುವಾಗ ಹೇಳಿಸುತ್ತಿದ್ದ ಪ್ರತಿಜ್ಞೆಯೊಂದು ಉಳಿದು ಬಂದಿದೆ. ಅದರಲ್ಲಿ ಸೈತಾನನ ಜೊತೆಗೆ ಥೋರನನ್ನೂ ಓಡಿನನನ್ನೂ ಆಯಾ ಊರಿನ ಹೆಸರಿನಲ್ಲಿ ಕರೆದು, ಪಿಶಾಚಿಗಳ ಸಾಲಿಗೆ ಸೇರಿಸಿ, ತೊರೆಯಬೇಕಾಗಿತ್ತು. ಸಾಂಟಾ ಮೋನಿಕಾದ ಆಟಗಾರರು ಮಾಡಿದ್ದು ಅದಕ್ಕೆ ಹೋಲಿಸಿದರೆ ಬಹಳ ಸೌಮ್ಯ.

ಓಡಿನನನ್ನೇ ಮೊದಲು ತೆಗೆದುಕೊಳ್ಳೋಣ. ಹಳೆಯ ಹಾಡುಗಳಲ್ಲಿ ಅವನು ಕರುಣಾಮಯಿ ದೇವರಲ್ಲವೇ ಅಲ್ಲ. ಅವನಿಗಿರುವ ಹತ್ತಾರು ಹೆಸರುಗಳಲ್ಲಿ ಒಂದಾದ ಬೋಲ್ವೆರ್ಕ್ ಎಂಬುದಕ್ಕೆ ಕೆಡುಕು ಮಾಡುವವನು ಎಂದೇ ಅರ್ಥ. ಆ ಹೆಸರಿನಲ್ಲಿ ಅವನು ಮಾಡಿದ್ದನ್ನು ಕೇಳಿ. ಹುಲ್ಲು ಕೊಯ್ಯುತ್ತಿದ್ದ ಒಂಬತ್ತು ಮಂದಿ ಆಳುಗಳ ಬಳಿ ಹೋಗಿ ಅವರ ಕುಡುಗೋಲುಗಳನ್ನು ತನ್ನ ಮಸೆಗಲ್ಲಿನಿಂದ ಮಸೆದುಕೊಟ್ಟ. ಅಲಗು ಎಷ್ಟು ಹರಿತವಾಯಿತೆಂದರೆ ಒಂಬತ್ತು ಮಂದಿಗೂ ಆ ಕಲ್ಲು ಬೇಕಾಯಿತು. ಓಡಿನ್ ಅದನ್ನು ಗಾಳಿಗೆ ಎಸೆದ. ಹಿಡಿಯಲು ನುಗ್ಗಿದ ಆಳುಗಳು ತಮ್ಮ ತಮ್ಮ ಕುಡುಗೋಲುಗಳಿಂದಲೇ ಒಬ್ಬರ ಕತ್ತನ್ನೊಬ್ಬರು ಕೊಯ್ದುಕೊಂಡು ಸತ್ತರು. ಆಳುಗಳನ್ನು ಕಳೆದುಕೊಂಡ ಒಡೆಯನ ಮನೆಗೆ ಓಡಿನ್ ಅದೇ ಸಂಜೆ ಹೋಗಿ, ಒಂಬತ್ತು ಮಂದಿಯ ಕೆಲಸ ನಾನೊಬ್ಬನೇ ಮಾಡಿಕೊಡುತ್ತೇನೆ ಎಂದು ಆಳಾಗಿ ಸೇರಿಕೊಂಡ! ಕಾವ್ಯಶಕ್ತಿ ನೀಡುವ ಮಧುವನ್ನು ಕದಿಯಲು ಅವನು ಹೂಡಿದ ಉಪಾಯ ಅದು. ಆ ಮಧುವಿಗಾಗಿಯೇ ಒಬ್ಬ ಹೆಣ್ಣಿಗೆ ಪ್ರಮಾಣ ಮಾಡಿ ಮುರಿದನೆಂಬುದೂ ಹಾಡಿನಲ್ಲಿದೆ. ತನ್ನನ್ನು ನಂಬಿದ ವೀರರನ್ನು ಯುದ್ಧದ ನಡುವೆ ಕೈಬಿಡುವುದಂತೂ ಅವನ ಹುಟ್ಟುಗುಣ. ಕೊನೆಯ ಮಹಾಯುದ್ಧಕ್ಕೆ ತನ್ನ ಕಡೆ ಸತ್ತ ವೀರರು ಬೇಕಾಗಿದ್ದಾರೆ, ಅದಕ್ಕೆ. ಮಾರುವೇಷ, ಸುಳ್ಳು ಹೆಸರು, ಅನ್ಯರ ಮನೆಯಲ್ಲಿ ಅತಿಥಿಯಾಗಿ ಕೂತು ಗುಟ್ಟು ಕೀಳುವುದು ಎಲ್ಲವೂ ಹಳೆಯ ಓಡಿನನದೇ. ಆಟ ಬರೆದವರು ಇವನ್ನೆಲ್ಲ ಓದಿಯೇ ಬರೆದಿದ್ದಾರೆ. ಈ ಅರ್ಧಕ್ಕೆ ನಾನು ಅಂಕ ಕಡಿಮೆ ಮಾಡಲಾರೆ.

ಆದರೆ ಇನ್ನರ್ಧ? ಜ್ಞಾನದ ಒಂದು ಗುಟುಕಿಗಾಗಿ ಮಿಮಿರನ ಬಾವಿಯಲ್ಲಿ ತನ್ನ ಕಣ್ಣನ್ನೇ ಕಿತ್ತು ಒತ್ತೆ ಇಟ್ಟವನು ಈ ಓಡಿನ್. ಬರಹದ ರಹಸ್ಯ ತಿಳಿಯಲು ಭರ್ಜಿಯಿಂದ ತನ್ನನ್ನು ತಾನೇ ಇರಿದುಕೊಂಡು, ಅನ್ನ ನೀರಿಲ್ಲದೆ ಒಂಬತ್ತು ರಾತ್ರಿ ಗಾಳಿಗೆ ಮರದಲ್ಲಿ ನೇತಾಡಿದವನು. ಚಿಂತನೆ, ಸ್ಮರಣೆ ಎಂದು ಹೆಸರಿಟ್ಟ ಎರಡು ಕಾಗೆಗಳನ್ನು ದಿನವೂ ಲೋಕದ ಸುದ್ದಿ ತರಲು ಕಳುಹಿಸುತ್ತಾನೆ. ಚಿಂತನೆ ಹಿಂದಿರುಗದಿದ್ದೀತೆಂಬ ಭಯ ಅವನಿಗುಂಟು, ಸ್ಮರಣೆ ಹಿಂದಿರುಗದಿದ್ದೀತೆಂಬ ಭಯ ಅದಕ್ಕಿಂತ ಹೆಚ್ಚು. ಅವನ ಬಾಯಲ್ಲಿ ಹೇಳಿಸಿದ ನೀತಿಯ ಹಾಡೊಂದಿದೆ. ಅತಿಥಿಯನ್ನು ಹೇಗೆ ನೋಡಿಕೊಳ್ಳಬೇಕು, ಎಷ್ಟು ಮಾತಾಡಬೇಕು, ಎಷ್ಟು ಕುಡಿದರೆ ಸಾಕು, ಬಡವನಾದರೂ ಸ್ವಂತ ಗುಡಿಸಲು ಏಕೆ ಮೇಲು ಎಂಬಂಥ ಮಾತುಗಳು ಅದರ ತುಂಬ ಇವೆ. ಓದಿದರೆ ನಮ್ಮ ಸರ್ವಜ್ಞ ನೆನಪಾಗುತ್ತಾನೆ. ಎಲ್ಲಕ್ಕಿಂತ ಮುಖ್ಯವಾದದ್ದು ಅವನ ಸಾವು. ಲೋಕಾಂತ್ಯದ ದಿನ ಫೆನ್ರಿರ್ ಎಂಬ ತೋಳ ತನ್ನನ್ನು ನುಂಗುವುದೆಂದು ಓಡಿನನಿಗೆ ಮೊದಲೇ ಗೊತ್ತು. ಗೊತ್ತಿದ್ದೂ ಕವಚ ತೊಟ್ಟು ಎಲ್ಲರಿಗಿಂತ ಮುಂದೆ ಕುದುರೆ ಏರಿ ಹೋಗುತ್ತಾನೆ. ಆಟದ ಓಡಿನನಾದರೋ ಸಾವನ್ನು ತಪ್ಪಿಸಿಕೊಳ್ಳಲು, ಸತ್ತ ಮೇಲೆ ಏನು ಎಂದು ತಿಳಿಯಲು ಕಂಡಕಂಡವರನ್ನು ಬಲಿಕೊಡುವವನು. ಮೂಲದಲ್ಲಿ ಅವನು ತನ್ನ ಕಣ್ಣನ್ನು ಕೊಟ್ಟ. ಇಲ್ಲಿ ಇತರರ ಜೀವ ಕೊಡುತ್ತಾನೆ. ಮೋಸವನ್ನು ಉಳಿಸಿಕೊಂಡು ತ್ಯಾಗವನ್ನು ಕಿತ್ತುಹಾಕಿದರೆ ಉಳಿಯುವವನು ಓಡಿನನಲ್ಲ, ನಮ್ಮ ಪಕ್ಕದ ಬೀದಿಯಲ್ಲೂ ಸಿಗಬಹುದಾದ ಒಬ್ಬ ಬಡ್ಡಿ ವ್ಯಾಪಾರಿ.

ನಾನು ಕಾಸರಗೋಡಿನಲ್ಲಿ ಕನ್ನಡವನ್ನೂ ಮಲಯಾಳವನ್ನೂ ಒಟ್ಟಿಗೇ ಕಲಿತು ಬೆಳೆದವನಾದ್ದರಿಂದ ಇಲ್ಲೊಂದು ಮಾತು ಹೇಳಲೇಬೇಕು. ಕಥಕಳಿಯಲ್ಲಿ ರಾವಣನಿಗೂ ದುರ್ಯೋಧನನಿಗೂ ಹಾಕುವುದು ಕತ್ತಿ ವೇಷ. ಮುಖಕ್ಕೆ ಧೀರನಾಯಕರಿಗೆ ಬಳಿಯುವ ಅದೇ ಪಚ್ಚೆ ಬಣ್ಣವನ್ನು ಬಳಿದು, ಅದರ ಮೇಲೆ ಕೆಂಪನ್ನು ಬರೆಯುತ್ತಾರೆ. ಕುಲೀನ, ಶೂರ, ಆದರೆ ಮದವೇರಿದವನು ಎಂದು ಬಣ್ಣವೇ ಹೇಳುತ್ತದೆ. ನಮ್ಮ ಕಡೆಯ ತಾಳಮದ್ದಳೆಯಲ್ಲಿ ವಾಲಿಯ ಅರ್ಥ ಹೇಳುವವರು ಒಳ್ಳೆಯವರಾದರೆ, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನಿಗೆ ಉತ್ತರ ಕೊಡುವುದು ಕಷ್ಟವಾಗುತ್ತದೆ. ಇದರಿಂದ ಕೇಳುಗರ ಭಕ್ತಿಯೇನೂ ಕಡಿಮೆಯಾಗಿಲ್ಲ. 10ನೇ ಶತಮಾನದಲ್ಲಿಯೇ ರನ್ನ ದುರ್ಯೋಧನನ ದುಃಖಕ್ಕೆ ಮಿಡಿದ, ಮುಂದೆ ನಾಗಚಂದ್ರ ರಾವಣನನ್ನು ಎಡವಿದ ದೊಡ್ಡ ಮನುಷ್ಯನನ್ನಾಗಿ ಕಂಡ. ಆದ್ದರಿಂದ ನಾಯಕನನ್ನು ಖಳನ ಕಡೆಯಿಂದ, ಖಳನನ್ನು ನಾಯಕನ ಕಡೆಯಿಂದ ನೋಡುವುದಕ್ಕೆ ನಾವು ಬೆಚ್ಚಬೇಕಾಗಿಲ್ಲ. ಓಡಿನನಿಗೆ ಕತ್ತಿ ವೇಷ ಹಾಕಿದ್ದರೆ ನಾನು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಆಟದವರು ಕೆಂಪನ್ನು ಮಾತ್ರ ಬಳಿದರು.

ಬಾಲ್ಡರನ ವಿಷಯ ಬೇರೆ. ಸ್ನೋರಿಯ ಬಾಲ್ಡರ್ ದೇವತೆಗಳಲ್ಲೆಲ್ಲ ಸುಂದರ, ಸೌಮ್ಯ. ಅವನಿಗೆ ಕೆಟ್ಟ ಕನಸು ಬಿದ್ದಾಗ ತಾಯಿ ಫ್ರಿಗ್ ಬೆಂಕಿ, ನೀರು, ಕಬ್ಬಿಣ, ಕಲ್ಲು, ರೋಗ, ವಿಷ ಎಲ್ಲದರಿಂದಲೂ ನನ್ನ ಮಗನಿಗೆ ನೋವು ಮಾಡುವುದಿಲ್ಲ ಎಂಬ ಆಣೆ ಪಡೆದಳು. ನಮ್ಮ ಮಾವಿನ ಮರದ ಮೇಲೆ ಬದನಿಕೆ ಹಬ್ಬುತ್ತದಲ್ಲ, ಅಂಥದೇ ಒಂದು ಪರಾವಲಂಬಿ ಗಿಡವನ್ನು ಮಾತ್ರ ಎಳೆಯದೆಂದು ಬಿಟ್ಟಳು. ಲೋಕಿ ಅದೇ ಗಿಡದ ಕಡ್ಡಿಯನ್ನು ಕುರುಡ ದೇವತೆ ಹೋಡ್‌ನ ಕೈಗೆ ಕೊಟ್ಟು ಎಸೆಯಿಸಿದ, ಬಾಲ್ಡರ್ ಸತ್ತ. ಆಟದಲ್ಲಿ ತಾಯಿಯ ರಕ್ಷೆ ಇದೆ, ಬದನಿಕೆಯೂ ಇದೆ. ಆದರೆ ಆಟದವರು ಒಂದು ಪ್ರಶ್ನೆ ಕೇಳಿದ್ದಾರೆ. ಯಾವುದೂ ನೋಯಿಸದ ಮಗನಿಗೆ ಬೇರೇನಾದರೂ ತಾಗೀತೇ? ಅನ್ನದ ರುಚಿ, ಬಿಸಿಲಿನ ಬಿಸಿ, ಕೈಹಿಡಿದವರ ಮೈಬಿಸಿ ಯಾವುದೂ ತಿಳಿಯದೆ ನೂರಾರು ಚಳಿಗಾಲ ಬದುಕಿದ ಈ ಬಾಲ್ಡರ್ ಹುಚ್ಚನಾಗಿ ತಾಯಿಯನ್ನೇ ಕೊಲ್ಲಲು ಬರುತ್ತಾನೆ. ಬದನಿಕೆಯ ಬಾಣದ ಮೊನೆ ಚುಚ್ಚಿ ರಕ್ಷೆ ಮುರಿದಾಗ ಮೊದಲ ಬಾರಿಗೆ ನೋವು ತಿಂದು ಅವನು ಸಂತೋಷದಿಂದ ನಗುತ್ತಾನೆ. ಇದು ಮೂಲದ ಕಥೆಯಿಂದಲೇ ಮೊಳೆತ ಕಲ್ಪನೆ. ಮಗುವಿಗೆ ಏನೂ ತಾಗಬಾರದೆಂದು ಬಯಸುವ ಹೆತ್ತವರು ಈ ಒಂದು ಭಾಗವನ್ನು ಮಕ್ಕಳಿಂದ ಕೇಳಿ ತಿಳಿದುಕೊಂಡರೆ ನಷ್ಟವಿಲ್ಲ. ಅಷ್ಟಕ್ಕೂ 1200ರ ಸುಮಾರಿಗೆ ಡೆನ್ಮಾರ್ಕಿನ ಚರಿತ್ರೆ ಬರೆದ ಸಾಕ್ಸೋ ಎಂಬ ಪಂಡಿತನಲ್ಲಿ ಬಾಲ್ಡರ್ ಸೌಮ್ಯನೇ ಅಲ್ಲ. ಮತ್ತೊಬ್ಬನಿಗೆ ಒಲಿದ ಹೆಣ್ಣಿಗಾಗಿ ಯುದ್ಧ ಮಾಡುವವನು. ಒಂದೇ ದೇವತೆಗೆ ಎರಡು ಮುಖ ಎಂಟುನೂರು ವರ್ಷಗಳ ಹಿಂದೆಯೇ ಇತ್ತು.

ಥೋರನ ಬಗ್ಗೆ ಬರೆಯುವಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಇಂಗ್ಲಿಷಿನ ಥರ್ಸ್‌ಡೇ ಥೋರನ ದಿನ, ವೆಡ್ನೆಸ್‌ಡೇ ಓಡಿನನ ದಿನ. ರೋಮನರ ಗ್ರಹವಾರಗಳನ್ನು ಬಡಗಣ ಜನ ತಮ್ಮದಾಗಿಸಿಕೊಂಡಾಗ ಗುರುಗ್ರಹದ ಜಾಗಕ್ಕೆ ಥೋರನನ್ನೂ ಬುಧಗ್ರಹದ ಜಾಗಕ್ಕೆ ಓಡಿನನನ್ನೂ ಕೂರಿಸಿದರು. ನಮ್ಮ ಗುರುವಾರ, ಬುಧವಾರಗಳೂ ಅದೇ ಗ್ರಹಗಳವು. ಆದ್ದರಿಂದ ತರಗತಿಯ ವೇಳಾಪಟ್ಟಿಯಲ್ಲಿ ಪ್ರತಿ ವಾರ ಈ ಇಬ್ಬರೂ ಬಂದು ಹೋಗುತ್ತಾರೆ. ಓಡಿನ್ ರಾಜರ, ಕವಿಗಳ, ಯೋಧರ ದೇವರು. ಥೋರ್ ಒಕ್ಕಲು ಮಕ್ಕಳ ದೇವರು. ಗುಡುಗು, ಗಾಳಿ, ಮಳೆ, ಬೆಳೆ ಅವನ ಕೈಯಲ್ಲಿ. ಕ್ಷಾಮ ಬಂದಾಗ, ರೋಗ ಹಬ್ಬಿದಾಗ ಸ್ವೀಡನ್ನಿನ ಜನ ಥೋರನಿಗೇ ಬಲಿ ಕೊಡುತ್ತಿದ್ದರೆಂದು 11ನೇ ಶತಮಾನದ ಜರ್ಮನ್ ಪಾದ್ರಿ ಬ್ರೆಮೆನ್ನಿನ ಆಡಂ ಬರೆದಿದ್ದಾನೆ. ಹೆಂಗಸರೂ ಗಂಡಸರೂ ಥೋರನ ಸುತ್ತಿಗೆಯ ಪುಟ್ಟ ತಾಯಿತವನ್ನು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. ಶಿಲುಬೆಯನ್ನೂ ಸುತ್ತಿಗೆಯನ್ನೂ ಒಂದೇ ಕಲ್ಲಿನಲ್ಲಿ ಎರಕ ಹೊಯ್ಯುತ್ತಿದ್ದ 10ನೇ ಶತಮಾನದ ಅಚ್ಚೊಂದು ಡೆನ್ಮಾರ್ಕಿನಲ್ಲಿ ಸಿಕ್ಕಿದೆ. ಆ ಅಕ್ಕಸಾಲಿ ಜಾಣ. ಯಾವ ಗಿರಾಕಿಯನ್ನೂ ಬರಿಗೈಯಲ್ಲಿ ಕಳುಹಿಸಿರಲಾರ.

ಥೋರ್ ದೈತ್ಯರನ್ನು ಕೊಲ್ಲುತ್ತಿದ್ದುದು ನಿಜ. ದೈತ್ಯರ ಕಡೆಯಿಂದ ನೋಡಿದರೆ ಅವನು ಕಟುಕನೇ. ಆ ದೃಷ್ಟಿಕೋನಕ್ಕೆ ನನ್ನ ಆಕ್ಷೇಪವಿಲ್ಲ. ಕುಡಿಯುವುದೂ ತಿನ್ನುವುದೂ ಮೂಲದಲ್ಲೇ ಇದೆ. ಕದ್ದ ಸುತ್ತಿಗೆಯನ್ನು ಮರಳಿ ಪಡೆಯಲು ಮದುಮಗಳ ವೇಷ ಹಾಕಿ ದೈತ್ಯರ ಮನೆಗೆ ಹೋದವನು, ಮದುವೆಯೂಟದಲ್ಲಿ ಒಂದು ಇಡೀ ಎತ್ತನ್ನೂ ಎಂಟು ಮೀನುಗಳನ್ನೂ ಮುಗಿಸಿ ಗುಟ್ಟು ಬಯಲಾಗುವಷ್ಟರಲ್ಲಿದ್ದ. ಅಮೆರಿಕದ ಕಾಮಿಕ್ಸ್ ಪುಸ್ತಕಗಳು 1962ರಲ್ಲಿ ಅವನನ್ನು ಗಡ್ಡವಿಲ್ಲದ ಚೆಲುವನನ್ನಾಗಿ ಮಾಡಿದ್ದವು. ಆಟದ ಕೆಂಗಡ್ಡದ ಗುಡಾಣ ಹೊಟ್ಟೆಯವನೇ ಹಳೆಯ ಥೋರನಿಗೆ ಹೆಚ್ಚು ಹತ್ತಿರ. ಕೊನೆಗೆ ಕೊಲೆ ಸಾಕೆಂದು ಸುತ್ತಿಗೆ ಇಳಿಸುವ ಗಳಿಗೆಯೂ ಚೆನ್ನಾಗಿದೆ. ಹಾಗಿದ್ದರೆ ಕಳೆದುಹೋದದ್ದು ಯಾವುದು? ಜನ. ಅಷ್ಟು ವಿಶಾಲವಾದ ಆಟದಲ್ಲಿ ಉಳುವ, ಮೀನು ಹಿಡಿಯುವ, ಮಕ್ಕಳನ್ನು ಸಾಕುವ ಸಾಮಾನ್ಯ ಮನುಷ್ಯರು ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ದೇವತೆ, ದೈತ್ಯ, ಕುಬ್ಜ, ಪ್ರೇತ ಎಲ್ಲರೂ ಇದ್ದಾರೆ. ಕಾಪಾಡಬೇಕಾದವರೇ ಇಲ್ಲದ ಲೋಕದಲ್ಲಿ ಕಾಪಾಡುವವನು ಬರಿಯ ಕೊಲೆಗಾರನಾಗಿ ಕಾಣುವುದು ಆಶ್ಚರ್ಯವಲ್ಲ. ಗದ್ದೆಯನ್ನು ಅಳಿಸಿ, ಕಾವಲುಗಾರನ ಕೈಯಲ್ಲಿ ದೊಣ್ಣೆ ಯಾಕಿದೆ ಎಂದು ಕೇಳಿದ ಹಾಗಾಯಿತು.

ಇದಕ್ಕಿಂತಲೂ ಕೆಟ್ಟದ್ದು ಇನ್ನೊಂದಿದೆ, ಮಕ್ಕಳು ಬಹುಶಃ ಗಮನಿಸಿರಲಾರರು. ಥೋರನಿಗೆ ಮಾಗ್ನಿ, ಮೋದಿ ಎಂಬ ಇಬ್ಬರು ಗಂಡುಮಕ್ಕಳು. ಹೆಸರು ಕೇಳಿ ನಗಬೇಡಿ; ಒಂದಕ್ಕೆ ಬಲ, ಇನ್ನೊಂದಕ್ಕೆ ಆವೇಶ ಎಂಬಂಥ ಅರ್ಥ. ಮೂಲದಲ್ಲಿ ಲೋಕವೆಲ್ಲ ಸುಟ್ಟು ಮುಳುಗಿದ ಮೇಲೆ ಭೂಮಿ ಮತ್ತೆ ಹಸಿರಾಗಿ ಕಡಲಿನಿಂದ ಮೇಲೇಳುತ್ತದೆ. ಆಗ ಬದುಕಿ ಉಳಿದ ಕೆಲವೇ ದೇವತೆಗಳಲ್ಲಿ ಈ ಇಬ್ಬರೂ ಇದ್ದಾರೆ, ತಂದೆಯ ಸುತ್ತಿಗೆ ಅವರ ಪಾಲಿಗೆ ಬರುತ್ತದೆ. ಬಾಲ್ಡರ್ ಕೂಡ ತನ್ನನ್ನು ಕೊಂದ ಕುರುಡ ಹೋಡ್‌ನೊಡನೆ ಸತ್ತವರ ಲೋಕದಿಂದ ಹಿಂದಿರುಗಿ, ಹುಲ್ಲಿನ ನಡುವೆ ಹಳೆಯ ಪಗಡೆಯ ಹೊನ್ನಿನ ಕಾಯಿಗಳು ಬಿದ್ದಿರುವಲ್ಲಿ ಕೂತು ಹಳೆಯದನ್ನು ಮಾತಾಡುತ್ತಾನೆ. ಆಟದಲ್ಲಿ ಮಾಗ್ನಿ, ಮೋದಿ ಇಬ್ಬರೂ 2018ರ ಭಾಗದಲ್ಲೇ ದಾರಿಯ ಅಡ್ಡಿಗಳಾಗಿ ಸತ್ತುಹೋಗುತ್ತಾರೆ. ಉಳಿಯಬೇಕಾಗಿದ್ದವರನ್ನೇ ಮೊದಲು ಕೊಂದದ್ದು ನನಗೆ ಸರಿಕಾಣಲಿಲ್ಲ.

ಯಾಕೆ ಹೀಗಾಯಿತು? ಆಟದವರಿಗೆ ಬಡಗಣ ದೇವತೆಗಳ ಮೇಲೆ ದ್ವೇಷವೇನೂ ಇಲ್ಲ. ಕಾರಣ ಆಟದ ಕಟ್ಟಿನಲ್ಲಿದೆ. ಹುಡುಗರು "ಬಾಸ್" ಎನ್ನುತ್ತಾರಲ್ಲ, ಪ್ರತಿ ಘಟ್ಟದ ಕೊನೆಯಲ್ಲೂ ಅಂಥ ಒಬ್ಬ ಬಲಿಷ್ಠ ಎದುರಾಳಿ ಬೇಕು. ಅವನು ಎಷ್ಟು ದೊಡ್ಡವನೋ ಗೆದ್ದವನಿಗೆ ಅಷ್ಟು ಹೆಮ್ಮೆ. ದೇವರಿಗಿಂತ ದೊಡ್ಡ ಎದುರಾಳಿ ಎಲ್ಲಿ ಸಿಗಬೇಕು? ಆದರೆ ಆಡುವವನು ತನ್ನ ಹೆಬ್ಬೆರಳಿನಿಂದಲೇ ಕೊಲ್ಲಬೇಕಾದ್ದರಿಂದ ಅವನ ಮನಸ್ಸು ಹಿಂಜರಿಯಬಾರದು. ಅದಕ್ಕಾಗಿ ಎದುರಾಳಿ ಮೊದಲೇ ಅಪರಾಧ ಮಾಡಿರಬೇಕು. ತಾಳಮದ್ದಳೆಯಲ್ಲಿ ವಾಲಿ ಸಾಯುವ ಮೊದಲು ಒಂದು ಗಂಟೆ ಮಾತಾಡಬಹುದು. ಪರದೆಯ ಮೇಲೆ ಅಷ್ಟು ಹೊತ್ತು ಸುಮ್ಮನೆ ಕೇಳುವ ತಾಳ್ಮೆ ಯಾರಿಗಿದೆ? ಎಲ್ಲ ಆಟಗಳೂ ಹೀಗೆಯೇ ಎಂದಲ್ಲ. ಇಂಗ್ಲೆಂಡಿನಲ್ಲಿ ತಯಾರಾಗಿ 2017ರಲ್ಲಿ ಬಂದ "ಹೆಲ್‌ಬ್ಲೇಡ್" ಎಂಬ ಆಟದಲ್ಲಿ ಮೃತ್ಯುದೇವತೆ ಹೆಲಾ ಭಯಂಕರಿಯಾಗಿದ್ದರೂ ಅವಳು ಮನೋವ್ಯಾಧಿಯಿಂದ ನರಳುವ ನಾಯಕಿಯ ದುಃಖದ್ದೇ ಮುಖ ಎಂದು ಕೊನೆಗೆ ತಿಳಿಯುತ್ತದೆ. 2020ರ "ಅಸ್ಯಾಸಿನ್ಸ್ ಕ್ರೀಡ್ ವಲ್ಹಾಲಾ"ದಲ್ಲಿ ಓಡಿನ್ ನಾಯಕಪಾತ್ರದ ಒಳಗಿನ ಅಧಿಕಾರದ ಆಸೆಯಾಗಿ ಪಿಸುಗುಟ್ಟುತ್ತಾನೆ. ಇವು ಒಳಗಿನ ಹಗೆಗಳು. ಮೊದಲನೆಯದಂತೂ ವಯಸ್ಸಿಗೆ ಬಂದವರು ನೋಡತಕ್ಕ ಕೃತಿ.

"ಈ ದೇವರುಗಳನ್ನು ಈಗ ಯಾರೂ ಪೂಜಿಸುವುದಿಲ್ಲ, ಆದ್ದರಿಂದ ಯಾರಿಗೂ ನೋವಿಲ್ಲ" ಎಂಬ ಸಮಾಧಾನವನ್ನು ಕೆಲವರು ಹೇಳುತ್ತಾರೆ. ಇದು ನಿಜವಲ್ಲ. ಐಸ್‌ಲ್ಯಾಂಡಿನಲ್ಲಿ 1972ರಲ್ಲಿ ಸ್ವೆಯಿನ್‌ಬ್ಯೋರ್ನ್ ಬೆಯಿನ್‌ಟೆಯಿನ್ಸನ್ ಎಂಬ ರೈತ ಕವಿಯ ಮುಂದಾಳುತನದಲ್ಲಿ ಹಳೆಯ ನಂಬಿಕೆಯ ಒಂದು ಸಂಘ ಹುಟ್ಟಿತು. ಮರುವರ್ಷ ಸರಕಾರ ಅದನ್ನು ಧಾರ್ಮಿಕ ಸಂಸ್ಥೆಯೆಂದು ಅಂಗೀಕರಿಸಿತು. ಇಂದು ಅದರ ಸದಸ್ಯರು ಕೆಲವು ಸಾವಿರ ಮಂದಿ. ಇವರ ಸಂಖ್ಯೆ ನಮ್ಮ ತಾಲೂಕಿನ ಒಂದು ದೊಡ್ಡ ಪಂಚಾಯತಿನ ಜನಸಂಖ್ಯೆಗಿಂತ ಕಡಿಮೆ ಇರಬಹುದು. ಸಂಖ್ಯೆ ಕಡಿಮೆಯಾದ ಮಾತ್ರಕ್ಕೆ ಅವರ ಕೈಮುಗಿತ ಹಗುರವಾಗುವುದಿಲ್ಲ. ಗಡಿಯಲ್ಲಿ ಕೂತು ಕನ್ನಡ ಓದುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇವತೆಗಳೂ ಪರದೆಗೆ ಹೋಗಿಯಾಗಿದೆ. "ಸ್ಮೈಟ್" ಎಂಬ ಅಮೆರಿಕದ ಆಟದಲ್ಲಿ ಓಡಿನ್, ಥೋರ್, ಸ್ಯೂಸ್‌ರೊಡನೆ ಕಾಳಿಯೂ ಕಾದಾಡುತ್ತಾಳೆ. ಆಟಗಾರ ಗುಂಡಿ ಒತ್ತಿದಂತೆ ದೇವಿ ಕುಣಿಯಬೇಕು. ಅವಳಿಗೆ ತೊಡಿಸಿದ ಉಡುಗೆಯ ಬಗ್ಗೆಯೂ, ಪೂಜೆಗೊಳ್ಳುವ ದೇವಿಯನ್ನು ಹೀಗೆ ಬಳಸುವ ಬಗ್ಗೆಯೂ 2012ರಲ್ಲಿ ಅಲ್ಲಿನ ಹಿಂದೂಗಳಿಂದ ಆಕ್ಷೇಪ ಬಂತು. ಆಕ್ಷೇಪಿಸುವ ಹಕ್ಕು ಅವರಿಗಿದೆ. ಆದರೆ ಕಾಳಿಗಾಗಿ ನೊಂದವರು ಓಡಿನನ ತಲೆ ಉರುಳಿದಾಗ ಸಿಳ್ಳೆ ಹಾಕುವುದು ಹೇಗೆ ಸರಿ? ನಮ್ಮೂರಿನ ಗುಳಿಗನನ್ನೋ ಪಂಜುರ್ಲಿಯನ್ನೋ ನಾಳೆ ದೂರದ ಯಾವುದೋ ಸ್ಟುಡಿಯೋದಲ್ಲಿ ಕೂತು, ನೇಮವನ್ನೇ ನೋಡದವರು ಮೂರನೆಯ ಘಟ್ಟದ "ಬಾಸ್" ಮಾಡಿದರೆ ನಾವು ಯಾವ ಮಾತು ಹೇಳುತ್ತೇವೋ ಅದೇ ಮಾತನ್ನು ಇಂದು ಓಡಿನನಿಗೂ ಹೇಳಬೇಕು. ಆ ಮಾತು ನಿಷೇಧವಾಗಬಾರದು ಎಂಬುದೂ ನನ್ನ ಅಭಿಪ್ರಾಯ. ನಿಷೇಧಿಸಿದ್ದು ಹುಡುಗರ ಕೈಗೆ ಬೇಗ ಸಿಗುತ್ತದೆ. ಹೇಳಬೇಕಾದದ್ದು, ಇವರು ಇಷ್ಟೇ ಅಲ್ಲ ಎಂದು. ಹಾಗೆ ಹೇಳಬೇಕಾದರೆ ಉಳಿದದ್ದು ನಮಗೆ ಗೊತ್ತಿರಬೇಕು.

ಮೇಲೆ ಹೇಳಿದ ಹಾಡುಗಳ ಹಸ್ತಪ್ರತಿಯ ಕಥೆ ಇಲ್ಲಿ ಹೇಳತಕ್ಕದ್ದು. 17ನೇ ಶತಮಾನದಲ್ಲಿ ಅದು ಡೆನ್ಮಾರ್ಕಿನ ರಾಜನ ಪಾಲಾಗಿ ಕೋಪನ್‌ಹೇಗನ್ ಸೇರಿತ್ತು. ಐಸ್‌ಲ್ಯಾಂಡ್ ಸ್ವತಂತ್ರವಾದ ಮೇಲೆ ಬಹಳ ವರ್ಷ ಕೇಳಿ, ವಾದಿಸಿ, ಕೊನೆಗೆ 1971ರ ಏಪ್ರಿಲ್ 21ರಂದು ಹಡಗಿನಲ್ಲಿ ಅದನ್ನು ಮರಳಿ ಪಡೆಯಿತು. ಆಗ ಆ ದೇಶದ ಜನಸಂಖ್ಯೆ ಎರಡು ಲಕ್ಷದ ಆಸುಪಾಸು. ರೇಕ್ಯಾವಿಕ್ ಬಂದರಿನಲ್ಲಿ ಸಾವಿರಾರು ಮಂದಿ ನೆರೆದಿದ್ದರು. ಒಂದು ಹಳೆಯ ಚರ್ಮದ ಪುಸ್ತಕಕ್ಕೆ! ನೋಡಲು ಸಣ್ಣದು, ಮಸುಕಾದದ್ದು, ಚಿತ್ರಗಳಿಲ್ಲದ್ದು. ಅವರಲ್ಲಿ ಓಡಿನನನ್ನು ನಂಬುವವರು ಎಷ್ಟಿದ್ದರೆಂಬುದು ಮುಖ್ಯವಲ್ಲ, ಹಾಡುಗಳು ಅವರ ನುಡಿಯಲ್ಲಿದ್ದವು.

ಹೆತ್ತವರಿಗೆ ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿಸಬೇಕಾಗಿದೆ. "ಗಾಡ್ ಆಫ್ ವಾರ್"ನ ಈ ಎರಡೂ ಆಟಗಳು ಯುರೋಪಿನಲ್ಲಿ 18 ವರ್ಷ ತುಂಬಿದವರಿಗೆ, ಅಮೆರಿಕದಲ್ಲಿ 17 ತುಂಬಿದವರಿಗೆ ಎಂದು ಗುರುತು ಮಾಡಿದವು. ಡಬ್ಬಿಯ ಮೇಲೆಯೇ ಈ ಗುರುತು ಇರುತ್ತದೆ. ರಕ್ತಪಾತವೂ ಬೈಗುಳವೂ ಅವುಗಳಲ್ಲಿ ಧಾರಾಳವಾಗಿವೆ. ಎಂಟನೆಯ ತರಗತಿಯ ಮಗುವಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಕೊಡುವ ವಸ್ತು ಅದಲ್ಲ. ಫೋನಿನಲ್ಲಿ ನೋಡುವುದಕ್ಕೂ ಇದೇ ಮಾತು ಅನ್ವಯ.

ವಿದ್ಯಾರ್ಥಿಗಳಿಗೆ ನನ್ನದೊಂದು ಕೆಲಸವಿದೆ. ಇಂಗ್ಲಿಷ್ ಓದಬಲ್ಲವರಿಗೆ ರೋಜರ್ ಲ್ಯಾನ್ಸೆಲಿನ್ ಗ್ರೀನ್ 1960ರಲ್ಲಿ ಮಕ್ಕಳಿಗಾಗಿ ಬರೆದ ಪುಸ್ತಕವೂ, ಕೆವಿನ್ ಕ್ರಾಸ್ಲಿ-ಹಾಲೆಂಡ್ 1980ರಲ್ಲಿ ಬರೆದ ಸ್ವಲ್ಪ ದೊಡ್ಡ ಪುಸ್ತಕವೂ ಸಿಗುತ್ತವೆ. ಅವುಗಳಲ್ಲಿ ಥೋರ್ ದೈತ್ಯರ ಅರಮನೆಗೆ ಹೋದ ಕಥೆಯನ್ನು ಹುಡುಕಿ ಓದಿರಿ. ಅಲ್ಲಿ ಅವನಿಗೆ ಒಂದು ಕೊಂಬಿನ ಪಾನವನ್ನು ಕುಡಿದು ಮುಗಿಸಲಾಗುವುದಿಲ್ಲ, ಒಂದು ಬೂದು ಬೆಕ್ಕನ್ನು ನೆಲದಿಂದ ಎತ್ತಲಾಗುವುದಿಲ್ಲ, ಒಬ್ಬ ಹಣ್ಣು ಮುದುಕಿಯನ್ನು ಕುಸ್ತಿಯಲ್ಲಿ ಕೆಡವಲಾಗುವುದಿಲ್ಲ. ಕೊಂಬಿನಲ್ಲಿ ಏನಿತ್ತು, ಬೆಕ್ಕು ಯಾವುದು, ಮುದುಕಿ ಯಾರು ಎಂಬುದನ್ನು ನಾನಿಲ್ಲಿ ಹೇಳುವುದಿಲ್ಲ. ಓದಿದವರು ಅದನ್ನು ಕನ್ನಡದಲ್ಲಿ, ಸ್ವಂತ ಮಾತಿನಲ್ಲಿ, ನಾಲ್ಕು ಪುಟ ಮೀರದಂತೆ ಬರೆದು ಕೊಡಿರಿ. ಚೆನ್ನಾಗಿದ್ದ ಎರಡನ್ನು ಮುಂದಿನ ವರ್ಷದ ಸಂಚಿಕೆಗೆ ತೆಗೆದುಕೊಳ್ಳುತ್ತೇವೆ. ಹಾಳೆಯ ಒಂದೇ ಮಗ್ಗುಲಿಗೆ ಬರೆಯಿರಿ.